ಹೊಳೆಯುವುದನ್ನು ಬಾಗಿಲಲ್ಲೇ ಬಿಚ್ಚಿಡಿ

ವಿಜಯಪುರದ ಜಲನಗರದಲ್ಲಿ ಬಾಗಿಲಲ್ಲೇ ನಿಲ್ಲಿಸಿ ನಿಮ್ಮ ಮೈಮೇಲಿನ ಬಂಗಾರ ಬಿಚ್ಚಿಸುವವರು ಎರಡೇ ಬಗೆಯವರು. ಒಬ್ಬ ಕಳ್ಳ, ಇನ್ನೊಬ್ಬಳು ನಮ್ಮತ್ತೆ. ಕಳ್ಳನಾದರೆ ಉಂಗುರ, ಸರ ಎಂದು ಆರಿಸಿಕೊಳ್ಳುತ್ತಾನೆ. ನಮ್ಮತ್ತೆಗೆ ಕೈಗಡಿಯಾರ, ಕೀಲಿಗೊಂಚಲು, ಜೇಬಿನ ಪೆನ್ನು, ಬೆಲ್ಟಿನ ಬಕಲ್ಲು ಎಲ್ಲವೂ ಬೇಕು. ಹೋಗುವಾಗ ಎಲ್ಲವನ್ನೂ ಮರಳಿ ಕೊಡುತ್ತಾಳೆ ಅನ್ನುವುದಷ್ಟೇ ವ್ಯತ್ಯಾಸ. ಅವನ್ನು ಇಡಲಿಕ್ಕೆ ಬಾಗಿಲ ಪಕ್ಕ ಒಂದು ಪೆಟ್ಟಿಗೆಯಿದೆ. ಸ್ಟೀಲಿನದಲ್ಲ, ಸ್ಟೀಲು ಹೊಳೆಯುತ್ತದೆ. ಕಪ್ಪು ಬಳಿದ ಕಟ್ಟಿಗೆಯದು.

ಒಮ್ಮೆ ಗ್ಯಾಸ್ ಸಿಲಿಂಡರು ತರುವವನೊಬ್ಬ ಹೊಸದಾಗಿ ಬಂದ. ಹೆಗಲ ಮೇಲೆ ಸಿಲಿಂಡರು, ಸೊಂಟದಲ್ಲಿ ಅಂಗೈಯಗಲದ ಬಕಲ್ಲು. ಅತ್ತೆ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಬೆಲ್ಟ್ ತಗೀಪಾ."

"ಯಾಕ್ರಿ ಅಕ್ಕಾರ?"

"ಹೊಳೀತೈತಿ."

"ಬೆಲ್ಟ್ ತಗದ್ರ ಪ್ಯಾಂಟ್ ನಿಂದ್ರೂದಿಲ್ಲರಿ. ಎರಡೂ ಕೈ ಸಿಲಿಂಡರ್ ಮ್ಯಾಲ ಅದಾವ."

"ಹಂಗಾದ್ರ ಅಂಗಿ ಹೊರಗ ಬಿಡು, ಮುಚ್ಚಲಿ. ಮುಚ್ಚಿದ್ರೂ ನಡೀತೈತಿ."

ಅವನು ಮುಚ್ಚಿಕೊಂಡೇ ಒಳಗೆ ಹೋಗಿ ಸಿಲಿಂಡರು ಇಳಿಸಿ ಬಂದ. ಗೇಟಿನ ಹತ್ತಿರ ನಿಂತಿದ್ದ ನನ್ನನ್ನು ಮೆಲ್ಲಗೆ ಕೇಳಿದ: "ಸಾಹೇಬ್ರ, ಒಳಗ ಎಕ್ಸರೇ ಮಿಷನ್ ಐತೇನ್ರಿ?" ಒಳಗೆ ಟಿವಿ ಕೂಡ ಇಲ್ಲ.

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನಮ್ಮಪ್ಪನ ತಂಗಿ. ತಿಕೋಟಾದ ದ್ರಾಕ್ಷಿ ಬೆಳೆಯುವ ಮನೆಯಲ್ಲಿ ಹುಟ್ಟಿ, ಭೌತಶಾಸ್ತ್ರ ಓದಿ, ರಾಜ್ಯದಾಚೆಯ ಒಂದು ರಾಷ್ಟ್ರೀಯ ಪ್ರಯೋಗಾಲಯದ ಲೇಸರ್ ವಿಭಾಗಕ್ಕೆ ಸೇರಿ, ನಿವೃತ್ತಿಯಾಗುವವರೆಗೆ ಅಲ್ಲೇ ಇದ್ದವಳು. ಮದುವೆಯಾಗಲಿಲ್ಲ. ಅಲ್ಲಿ ಆಕೆ ಏನು ಮಾಡುತ್ತಿದ್ದಳು ಎಂಬುದರ ಬಗ್ಗೆ ನಮ್ಮ ಮನೆತನದಲ್ಲಿ ಎರಡು ಪಕ್ಷಗಳಿದ್ದವು. ವಿಮಾನ ಬೀಳಿಸುವ ಬೆಳಕು ತಯಾರಿಸುತ್ತಾಳೆ ಎಂಬುದು ಗಂಡಸರ ಪಕ್ಷ. ಯಾವುದೋ ದೊಡ್ಡ ಸಾಹೇಬನ ಆಫೀಸಿನಲ್ಲಿ ಟೈಪ್ ಮಾಡುತ್ತಾಳೆ, ಸಂಕೋಚಕ್ಕೆ ಹೇಳುತ್ತಿಲ್ಲ ಎಂಬುದು ಹೆಂಗಸರ ಪಕ್ಷ. ನಾನು ಪತ್ರಿಕೆಯವನಾದ್ದರಿಂದ ನೇರವಾಗಿ ಆಕೆಯನ್ನೇ ಕೇಳಿದ್ದೆ. "ಲೋಹ ಸೀಳೂದನ್ನ ಫೋಟೋ ತಗೀತಿದ್ದಿವಿ" ಅಂದಳು. ತಗಡೊಂದು ಬಿರುಕು ಬಿಡುವ ಆ ಕ್ಷಣ ಎಷ್ಟು ಚಿಕ್ಕದೆಂದರೆ, ಯಾವ ಕ್ಯಾಮೆರಾದ ರೆಪ್ಪೆಯೂ ಅಷ್ಟು ಬೇಗ ತೆರೆದು ಮುಚ್ಚಲಾರದು. ಹಾಗಾಗಿ ಕ್ಯಾಮೆರಾದ ರೆಪ್ಪೆ ತೆರೆದೇ ಇಟ್ಟು, ಕತ್ತಲೆಯಲ್ಲಿ ಲೇಸರನ್ನು ಒಂದೇ ಒಂದು ಸಲ ಮಿಡಿಸುತ್ತಾರೆ. ಆ ಮಿಡಿತದಲ್ಲಿ ಕಂಡಷ್ಟೇ ಚಿತ್ರ. "ಉಳಿದ ಹೊತ್ತೆಲ್ಲಾ ಕನ್ನಡಿ ಒರಸೂದು, ಕಾಯೂದು" ಎಂದು ಸೇರಿಸಿದಳು.

ಇಂಥ ಕೋಣೆಗೆ ಯಾರೂ ಹೊಳೆಯುವುದನ್ನು ಒಯ್ಯುವಂತಿಲ್ಲ. ಕಿರಣ ದಾರಿ ತಪ್ಪಿ ಒಂದು ಉಂಗುರಕ್ಕೆ ತಾಗಿದರೆ ಎತ್ತ ಚಿಮ್ಮುತ್ತದೆಂದು ಯಾರಿಗೂ ಗೊತ್ತಾಗದು. ಚಿಮ್ಮಿ ಕಣ್ಣಿಗೆ ಹೊಕ್ಕರೆ ಮುಗಿಯಿತು. ಪ್ರಯೋಗಾಲಯ ಬಿಟ್ಟು ಬಂದ ಮೇಲೂ ಅತ್ತೆ ಆ ನಿಯಮ ಬಿಡಲಿಲ್ಲ, ಅಷ್ಟೇ.

ಮುಖ್ಯ ವಿಷಯವನ್ನು ಮೊದಲ ಪ್ಯಾರಾದಲ್ಲೇ ಹೇಳಬೇಕೆಂದು ನನ್ನ ಕಸುಬು ಕಲಿಸಿದೆ. ಇಲ್ಲಿ ತಡವಾಯಿತು. ಈಗ ಹೇಳುತ್ತೇನೆ. ಅತ್ತೆಯ ಬಲಗಣ್ಣಿನ ನಡುವಿನ ದೃಷ್ಟಿ ಆಕೆ ಚಿಕ್ಕ ವಯಸ್ಸಿನವಳಿದ್ದಾಗಲೇ ಪ್ರಯೋಗಾಲಯದಲ್ಲಿ ಸುಟ್ಟುಹೋಗಿತ್ತು. ಅಂದಿನಿಂದ ಓದು, ಬರಹ, ಅಡುಗೆ, ರಸ್ತೆ ದಾಟುವುದು, ಎಲ್ಲವೂ ಎಡಗಣ್ಣಿನಿಂದಲೇ. ಕಳೆದ ವರ್ಷ ಆ ಎಡಗಣ್ಣಿನೊಳಗೆ ರಕ್ತ ಒಸರತೊಡಗಿತು. ಸಕ್ಕರೆ ಕಾಯಿಲೆಯ ಕೆಲಸ. ಬೆಳಕಿನ ಅಲೆಯುದ್ದವನ್ನು ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಅಳೆದವಳು ತನ್ನ ರಕ್ತದ ಸಕ್ಕರೆಯನ್ನು ವರ್ಷಗಟ್ಟಲೆ ಅಳೆಸಿರಲಿಲ್ಲ. ಕಣ್ಣು ಉಳಿಯಬೇಕಾದರೆ ಬೇಗ ಚಿಕಿತ್ಸೆಯಾಗಬೇಕೆಂದು ಡಾಕ್ಟರು ಹೇಳಿದರು. ಚಿಕಿತ್ಸೆ ಯಾವುದು ಗೊತ್ತೇ? ಲೇಸರು. ಮತ್ತು ಜೀವಮಾನವೆಲ್ಲ ಲೇಸರಿನ ಜೊತೆ ಕಳೆದ ನಮ್ಮತ್ತೆ ಹೇಳಿದ್ದು: "ಬ್ಯಾಡ."

ಆಕೆಯನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ವಿಜಯಪುರದಲ್ಲಿ ಆಕೆಗೆ ಹತ್ತಿರದವನು ನಾನೊಬ್ಬನೇ. ಮಂತ್ರಿಗಳ ಬಾಯಿ ಬಿಡಿಸಿದವನಿಗೆ ಅತ್ತೆಯ ಕಣ್ಣು ತೆರೆಸುವುದು ಎಷ್ಟರದು ಅಂದುಕೊಂಡಿದ್ದೆ.

ಆಕೆಯ ಮನೆಯ ಇನ್ನೊಂದು ಕಟ್ಟಳೆ ಕೇಳಿ. ಯಾವ ದೀಪ ಹಚ್ಚುವ ಮೊದಲೂ "ಬೆಳಕು" ಎಂದು ಕೂಗಬೇಕು. ಮನೆಯಲ್ಲಿದ್ದವರೆಲ್ಲ "ಹ್ಞೂಂ" ಅನ್ನಬೇಕು. ಎಲ್ಲರ ಉತ್ತರ ಬಂದ ಮೇಲೆ ಗುಂಡಿ ಒತ್ತಬೇಕು. ಪ್ರಯೋಗಾಲಯದಲ್ಲಿ ಕಿರಣ ಬಿಡುವವನು ಹೀಗೇ ಕೂಗುತ್ತಾನಂತೆ, ಯಾರ ಕಣ್ಣೂ ಆ ದಾರಿಯಲ್ಲಿಲ್ಲ ಎಂದು ಖಾತ್ರಿಯಾಗಲಿ ಅಂತ. ಜಲನಗರದಲ್ಲಿ ಕರೆಂಟು ಹೋಗಿ ಬರುವುದು ಯಾರಪ್ಪನನ್ನೂ ಕೇಳಿ ಅಲ್ಲ. ಹಾಗೆ ಕರೆಂಟು ಬಂದು ದೀಪ ತಾನಾಗಿ ಹತ್ತಿಕೊಂಡಾಗಲೆಲ್ಲ ಅತ್ತೆ ವಿದ್ಯುತ್ ಕಚೇರಿಗೆ ಫೋನು ಮಾಡುತ್ತಿದ್ದಳು.

"ಕರೆಂಟ್ ಬಿಡೂಕಿಂತ ಮೊದಲ ಹೇಳಬೇಕ್ರಿ."

"ಅಮ್ಮಾರ, ಮಂದಿ ಕರೆಂಟ್ ಹ್ವಾದ್ರ ಬೈತಾರ್ರಿ. ಬಂದಿದ್ದಕ್ಕ ಬೈಯೂವರು ನೀವೊಬ್ಬರ ನೋಡ್ರಿ."

ನನಗೂ ಬೆಳಿಗ್ಗೆ ಬೆಳಿಗ್ಗೆ ಫೋನು ಬರುತ್ತಿತ್ತು. ಆಕೆ ನಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಮುದ್ರಕರ ಹೆಸರಿನವರೆಗೆ ಭೂತಗನ್ನಡಿ ಹಿಡಿದು ಓದುತ್ತಿದ್ದಳು. "ಲೇ ಪೇಪರದವನ, ಗುಮ್ಮಟ ಲೇಸರ್ ಬೆಳಕಿನಿಂದ ಕಂಗೊಳಿಸಿತು ಅಂತ ಬರದೀಯಲ್ಲ, ಅದು ಲೇಸರ್ ಅಲ್ಲ, ಎಲ್‌ಇಡಿ. ನಾಳೆ ತಿದ್ದುಪಡಿ ಹಾಕು." ಹಾಕಿದ್ದೆ. ಗುಮ್ಮಟದ ಮೇಲೆ ಬಿದ್ದ ದೀಪದ ಜಾತಿಯ ಬಗ್ಗೆ ತಿದ್ದುಪಡಿ ಹಾಕಿದ ಪತ್ರಿಕೆ ಈ ಭಾಗದಲ್ಲಿ ನಮ್ಮದೊಂದೇ ಇರಬೇಕು.

ಆಕೆ ಬೇಡವೆಂದ ಮೇಲೆ ಮೊದಲ ಸಲ ಕಣ್ಣಿನ ಆಸ್ಪತ್ರೆಗೆ ಆಕೆಯನ್ನು ಕರೆದೊಯ್ದದ್ದು ಬರೀ "ನೋಡಿ ಬರೂಣು" ಎಂದು ಹೇಳಿ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆ ಮಾತ್ರ ದೊಡ್ಡದು.

"ಕಣ್ಣಿನ ಹಿಂದಿನ ಪರದೆ ಇರತೈತಲ್ರಿ ಅಮ್ಮಾರ, ಅದರ ಅಂಚಿನಾಗ ಲೇಸರ್‌ನಿಂದ ಸಣ್ಣ ಸಣ್ಣ ಚುಕ್ಕಿ ಇಡತೀವಿ. ರಕ್ತ ಒಸರೂದು ನಿಲ್ಲತೈತಿ. ನಡುವಿನ ದೃಷ್ಟಿ ಉಳೀತೈತಿ."

"ಚುಕ್ಕಿ ಇಡೂದಂದ್ರ ಸುಡೂದು."

"ಹೌದ್ರಿ. ಸುಡೂದು."

"ಹಂಗ ಹೇಳ್ರಿ. ಅಂಚು ಸುಟ್ಟು ನಡು ಉಳಸತೀರಿ. ನನ್ನ ಬಲಗಣ್ಣಿನಾಗ ನಡು ಸುಟ್ಟು ಅಂಚು ಉಳದೈತಿ. ಎರಡೂ ಕೂಡಿಸಿದ್ರ ಒಂದು ಕಣ್ಣು ಆಕೈತೇನ್ರಿ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಅಕ್ಷರಗಳ ಪಟ ನೋಡಿದೆ.

ಆಮೇಲೆ ಅತ್ತೆ ಯಂತ್ರ ನೋಡಬೇಕೆಂದಳು. ತೋರಿಸಿದರು. ಯಾವ ಬಣ್ಣದ ಕಿರಣ, ಎಷ್ಟು ಶಕ್ತಿ, ಪಕ್ಕದಲ್ಲಿ ನಿಲ್ಲುವ ನರ್ಸಿಗೆ ಕನ್ನಡಕ ಇದೆಯೋ ಇಲ್ಲವೋ, ಎಲ್ಲ ವಿಚಾರಿಸಿದಳು. ಡಾಕ್ಟರು ಎಲ್ಲಕ್ಕೂ ಸರಿಯಾಗಿಯೇ ಉತ್ತರ ಕೊಟ್ಟರು. ನರ್ಸಿನ ಮೂಗುತಿ ಬಿಚ್ಚಿಸಬೇಕೆಂದಳು. ನರ್ಸು ಪ್ಲಾಸ್ಟರು ಅಂಟಿಸಿಕೊಂಡಳು. ಕೊನೆಗೆ ಕಣ್ಣಿನ ಮುಂದೆ ಹಿಡಿಯುವ ಮಸೂರವನ್ನು ಕೈಗೆ ತೆಗೆದುಕೊಂಡು ಕಿಟಕಿಗೆ ಹಿಡಿದಳು. ತನ್ನ ಚೀಲದಿಂದ ತೆಳುವಾದ ಕಾಗದ ತೆಗೆದಳು. ಅದರ ಮೇಲೆ ಒಂದು ಹನಿ ದ್ರಾವಣ ಬಿಟ್ಟು, ಮಸೂರದ ಮೇಲೆ ಒಂದೇ ಒಂದು ಸಲ ಎಳೆದಳು. ಮಗುವಿನ ಹಣೆ ಒರೆಸುವ ಹಾಗೆ. ಮತ್ತೆ ಕಿಟಕಿಗೆ ಹಿಡಿದು ನೋಡಿ, ಡಾಕ್ಟರ ಕೈಗಿಟ್ಟಳು.

"ಈಗ ಛಲೋ ಆತು. ಬರತೀನ್ರಿ."

ಬಂದೇಬಿಟ್ಟಳು. ಚಿಕಿತ್ಸೆಗೆ ಬಂದು ಯಂತ್ರದ ಸರ್ವೀಸು ಮಾಡಿ ಹೋದ ಮೊದಲ ರೋಗಿ ಇವರೇ ಎಂದು ಡಾಕ್ಟರು ನನಗೆ ಹೇಳಿದರು. ನಗುತ್ತಲೇ ಹೇಳಿದರು. ಆಮೇಲೆ ನಗು ನಿಲ್ಲಿಸಿ, "ಭಾಳ ದಿನ ಬಿಡಬ್ಯಾಡ್ರಿ. ರಕ್ತ ಒಳಗ ಹರಡಿದ್ರ ನಮ್ಮ ಬೆಳಕು ಹಿಂದಿನ ಪರದಿಗೆ ಮುಟ್ಟೂದಿಲ್ಲ" ಅಂದರು.

ನಾನು ತಿಕೋಟಾಕ್ಕೆ ಹೋಗಿ ದೊಡ್ಡಪ್ಪನ ಮೊರೆ ಹೊಕ್ಕೆ. ಅಪ್ಪ ತೀರಿಕೊಂಡ ಮೇಲೆ ಅತ್ತೆಗೆ ಬುದ್ಧಿ ಹೇಳುವ ಹಕ್ಕು ಉಳಿದಿರುವುದು ಆಕೆಯ ಈ ಹಿರಿಯಣ್ಣನಿಗೆ ಮಾತ್ರ. ಹಕ್ಕು ಇದೆ, ಕೇಳುವವರಿಲ್ಲ. ಮುಂದಿನ ಭಾನುವಾರ ಅತ್ತೆಯನ್ನೇ ಅಲ್ಲಿಗೆ ಕರೆದುಕೊಂಡು ಹೋದೆ. ದೊಡ್ಡಪ್ಪ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕೂತಿದ್ದ. ಹಸಿರು ಪರದೆಯ ಕೆಳಗೆ ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು.

"ತಂಗಿ, ಜೀವಮಾನ ಎಲ್ಲಾ ಆ ಬೆಳಕಿನ ಸಂಗಾಟ ಬದಕೀದಿ. ಈಗ ಅದಕ್ಕ ಅಂಜತಿ?"

"ಬದಕೀನಿ ಅಂತನ ಅಂಜತೀನಿ. ನೀ ಜೀವಮಾನ ಎಲ್ಲಾ ಎತ್ತಿನ ಸಂಗಾಟ ಬದಕೀದಿ. ಎತ್ತಿನ ಕೋಡಿಗೆ ಹೊಟ್ಟಿ ಕೊಡತೀಯೇನು?"

ದೊಡ್ಡಪ್ಪ ಯೋಚಿಸಿದ. "ನಾ ಎತ್ತು ಮಾರೀನಿ. ಈಗ ಟ್ರ್ಯಾಕ್ಟರ್ ಐತಿ."

ಅಲ್ಲಿಗೆ ಹಿರಿಯರ ಬುದ್ಧಿವಾದ ಮುಗಿಯಿತು. ಇಷ್ಟರಲ್ಲಿ ಅತ್ತೆ ಬಲೆಯ ಮೇಲಿಂದ ಒಂದು ಮುಷ್ಟಿ ಎತ್ತಿ ಬಾಯಿಗೆ ಹಾಕಿಕೊಂಡಿದ್ದಳು. ಡಾಕ್ಟರು ದ್ರಾಕ್ಷಿ ತಿನ್ನಬಾರದೆಂದಿದ್ದಾರಲ್ಲ ಎಂದೆ. "ಅವರು ಅಂದಿದ್ದು ದ್ರಾಕ್ಷಿಗೆ. ಇದು ಒಣಗೇತಿ" ಅಂದಳು. ಒಣಗಿದ ಮೇಲೆ ಸಕ್ಕರೆ ಹೆಚ್ಚುತ್ತದೆಂದು ತಿಕೋಟಾದಲ್ಲಿ ಹುಟ್ಟಿದವಳಿಗೆ ನಾನು ಹೇಳಬೇಕಿತ್ತೇ? ತಪ್ಪೆಂದು ಗೊತ್ತಿದ್ದೂ ತಿನ್ನುತ್ತಿದ್ದವಳ ಮುಖದಲ್ಲಿ ಎಂಥದೋ ಹಟವಿತ್ತು.

ಆ ಕಣ್ಣನ್ನು ಕಾಪಾಡುವ ಬೇರೆಲ್ಲ ಕೆಲಸವನ್ನೂ ಆಕೆ ಮಾಡುತ್ತಿದ್ದಳು. ಬಿಸಿಲಿಗೆ ಹೋಗುತ್ತಿರಲಿಲ್ಲ. ಬಗ್ಗುತ್ತಿರಲಿಲ್ಲ. ಭಾರ ಎತ್ತುತ್ತಿರಲಿಲ್ಲ. ಆ ದಿನಗಳಲ್ಲೇ ಬಬಲೇಶ್ವರದಲ್ಲಿ ನನ್ನ ಹೆಂಡತಿಯ ಕಡೆಯ ಒಂದು ಮದುವೆ ಬಂತು. ಅತ್ತೆಯನ್ನೂ ಕರೆದೊಯ್ದೆವು.

ಮಂಟಪದಲ್ಲಿ ಅರಿಶಿನ ಕುಂಕುಮದ ತಾಟು ಹಿಡಿದ ಹೆಣ್ಣುಮಗಳೊಬ್ಬಳು ಅತ್ತೆಯ ಮುಂದೆ ಬಂದು, ಬರಿಗೈ ನೋಡಿ ತಡವರಿಸಿದಳು. ಬಳೆಯಿಲ್ಲದ ಕೈಯೆಂದರೆ ನಮ್ಮ ಕಡೆ ಒಂದೇ ಅರ್ಥ. ಆಕೆ ನನ್ನ ಹೆಂಡತಿಯ ಕಿವಿಯಲ್ಲಿ ಏನೋ ಕೇಳಿ, ತಾಟನ್ನು ಮುಂದಿನ ಕುರ್ಚಿಗೆ ಒಯ್ದಳು. ನನ್ನ ಹೆಂಡತಿ ಜಗಳಕ್ಕೆ ಎದ್ದಳು. ಅತ್ತೆ ಸೆರಗು ಹಿಡಿದು ಕೂರಿಸಿದಳು.

"ಮದುವಿ ಆಗಲಾರದನ ಗಂಡನ್ನ ಕಳಕೊಂಡೀನಿ ನೋಡು. ಖರ್ಚಿಲ್ಲ."

ಸಂಜೆ ಮೆರವಣಿಗೆಗೆ ಡಿಜೆ ಬಂತು. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಮನೆಯೆತ್ತರದ ಸ್ಪೀಕರುಗಳು, ಅವುಗಳ ನೆತ್ತಿಯ ಮೇಲೆ ಲೇಸರ್ ದೀಪಗಳು. ಹಸಿರು ಗೆರೆಗಳು ಕುಣಿಯುವವರ ಮುಖದ ಮೇಲೆಲ್ಲ ಹರಿದಾಡತೊಡಗಿದವು. ಅತ್ತೆ ಚೀಲದಿಂದ ಪ್ರಯೋಗಾಲಯದ ಕಿತ್ತಳೆ ಬಣ್ಣದ ದಪ್ಪ ಕನ್ನಡಕ ತೆಗೆದು ಹಾಕಿಕೊಂಡಳು. ಕಪ್ಪು ಕೊಡೆ ಬಿಚ್ಚಿದಳು. ನೇರ ಟ್ರಾಲಿಯ ಮುಂದೆ ಹೋಗಿ, ಮಕ್ಕಳು ನಿಂತಿದ್ದ ಕಡೆಗೆ ಕೊಡೆಯನ್ನು ಅಡ್ಡ ಹಿಡಿದು ನಿಂತಳು. ಡಿಜೆಯವನು ಮೇಲಿನಿಂದ ಬಗ್ಗಿದ.

"ಅಮ್ಮಾರ, ಮಳಿ ಎಲ್ಲೈತ್ರಿ?"

"ನಿನ್ನ ಮಿಷನ್ನಿಂದ ಬೀಳಾಕತ್ತೈತಿ."

"ಇದು ಬರೇ ಬೆಳಕ್ರಿ."

"ಅದ ಹೇಳಾಕತ್ತೇನಿ. ಬರೇ ಬೆಳಕು. ಮ್ಯಾಲ ಆಕಾಶಕ್ಕ ತಿರುವು."

ಅವನು ತಿರುವಲಿಲ್ಲ. ಮಂದಿ ನಕ್ಕರು. ಯಾರೋ ಆ ಕನ್ನಡಕದ ಫೋಟೋ ತೆಗೆಯಲು ಬಂದರು. ಆಗಲೇ ಮದುಮಗಳ ಸೋದರಮಾವ ತನ್ನ ಹೊಸ ಫೋನು ಹಿಡಿದು ಕೂಗಾಡತೊಡಗಿದ್ದು. ಕಿರಣವೊಂದು ನೇರ ಕ್ಯಾಮೆರಾಕ್ಕೆ ಹೊಡೆದು, ಚಿತ್ರದ ನಡುವೆ ಒಂದು ನೇರಳೆ ಗೆರೆ ಬಿದ್ದಿತ್ತು. ಏನು ಮಾಡಿದರೂ ಹೋಗಲೊಲ್ಲದು. ಇನ್ನೊಬ್ಬನ ಫೋನಿಗೂ ಅದೇ ಗತಿ. ಕ್ಷಣಾರ್ಧದಲ್ಲಿ ಡಿಜೆಯವನನ್ನು ಕೆಳಗಿಳಿಸಿ ದೀಪ ಬಂದ್ ಮಾಡಿಸಿದರು. ಫೋನಿನ ಕಣ್ಣಿಗಾಗಿ ಇಷ್ಟು ಮಂದಿ ಹೊಡೆದಾಡಲು ಸಿದ್ಧರಾದರು. ಅದೇ ಹಾದಿಯಲ್ಲಿದ್ದ ಮನುಷ್ಯರ ಕಣ್ಣಿನ ಬಗ್ಗೆ ಯಾರೂ ವಿಚಾರಿಸಲಿಲ್ಲ. ನಾನು ಅದನ್ನೇ ಸುದ್ದಿ ಮಾಡಿ ಕಳಿಸಿದೆ. ಒಳಪುಟದಲ್ಲಿ, ಸೀರೆ ಜಾಹೀರಾತಿನ ಕೆಳಗೆ ಬಂತು.

ಇಷ್ಟು ಧೈರ್ಯದ ಹೆಂಗಸು ಆಸ್ಪತ್ರೆಯ ಕುರ್ಚಿಗೆ ಯಾಕೆ ಹೆದರುತ್ತಾಳೆ? ಉತ್ತರ ಸಿಕ್ಕದ್ದು ಯಾರೂ ಗುಟ್ಟು ಹೇಳಲು ಆರಿಸಿಕೊಳ್ಳದ ಜಾಗದಲ್ಲಿ. ಒಂದು ಬೆಳಿಗ್ಗೆ ಫೋನು ಮಾಡಿ, "ಗುಮ್ಮಟಕ್ಕ ಹೋಗೂಣು ನಡಿ" ಅಂದಳು. ಮೆಟ್ಟಿಲು ಹತ್ತಿ ಮೇಲಿನ ಮೊಗಸಾಲೆಗೆ ಮುಟ್ಟುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಗಾಜಿನ ಸಣ್ಣ ಮಣಿಯೊಳಗೆ ಬೆಳಕು ಹೀಗೇ ಗೋಡೆ ಹಿಡಿದು ಸುತ್ತುತ್ತದೆ, ಇಲ್ಲಿ ಪಿಸುಮಾತು ಸುತ್ತುವ ಹಾಗೆ, ಎಂದು ವಿವರಿಸಿ, ನನ್ನನ್ನು ಅಲ್ಲೇ ಕೂರಿಸಿ, ತಾನು ಎದುರು ಬದಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ನಾಲ್ಕು ಶಾಲೆಗಳ ಮಕ್ಕಳು ಗುಮ್ಮಟವನ್ನು ಕೂಗಿ ಕೆಡವುವ ಪ್ರಯತ್ನದಲ್ಲಿದ್ದವು. ಆ ಗದ್ದಲದ ಅಡಿಯಿಂದ ಆಕೆಯ ದನಿ ನನ್ನ ಕಿವಿಗೆ ಬಂತು.

"ಆ ಬೆಳಕು ಕಣ್ಣಿಗೆ ಕಾಣಾಂಗಿಲ್ಲ. ಕಾಣೂವಂಥಾದ್ದು ಇದ್ರ ರೆಪ್ಪಿ ಮುಚ್ಚತೀವಿ. ಇದು ಕಾಣಾಂಗಿಲ್ಲ. ಕಿರಣ ಎಲ್ಲಿ ಬಿದ್ದೈತಿ ನೋಡಾಕ ಒಂದು ಕಾರ್ಡ್ ಹಿಡೀತೀವಿ, ಅದರ ಮ್ಯಾಲ ಮಬ್ಬು ಚುಕ್ಕಿ ಬೀಳತೈತಿ. ಕನ್ನಡಕ ಹಾಕ್ಕೊಂಡ್ರ ಆ ಚುಕ್ಕಿ ಕಾಣೂದಿಲ್ಲ. ಅದಕ್ಕ ತಗದಿದ್ದೆ. ಒಂದ ಸಲ."

ಮಕ್ಕಳು ಕೂಗಿದವು. ಮತ್ತೆ ದನಿ ಬಂತು.

"ಕನ್ನಡಿ ತಿರುವಾಕ ಕೈ ಚಾಚಿದೆ. ಕೈಯಾಗ ಹೊಳೆಯೂದೊಂದು ಇತ್ತು. ತಲಿಯೊಳಗ ಕಡ್ಲಿ ಸಿಡದಂಗ ಸಪ್ಪಳಾತು. ನೋವಿಲ್ಲ. ಬೆಳಕಿಲ್ಲ. ಬರೇ ಸಪ್ಪಳ. ಆಮ್ಯಾಲ ಬಲಗಣ್ಣಿಲೆ ನೋಡತೀನಿ, ಎಲ್ಲದರ ನಡುಕ ಒಂದು ಕರಿ ತೂತು. ಯಾರ ಮುಖ ನೋಡಿದ್ರೂ ಮುಖ ಇಲ್ಲ, ಬರೇ ಕಿವಿ."

"ಕೈಯಾಗ ಏನಿತ್ತು?" ಎಂದು ನಾನು ಗೋಡೆಯನ್ನು ಕೇಳಿದೆ. ಅದೇ ಹೊತ್ತಿಗೆ ಒಬ್ಬ ಹುಡುಗ ತನ್ನ ಗೆಳೆಯ ಮಲ್ಯಾನ ಹೆಸರು ಹಿಡಿದು ಒದರಿದ. ಆ ಮಲ್ಯಾ ಗುಮ್ಮಟವನ್ನೆಲ್ಲ ಸುತ್ತಿ ಮರಳಿ ಬರುವಷ್ಟರಲ್ಲಿ ಅತ್ತೆ ಎದ್ದು ಹೊರಟಿದ್ದಳು.

ಕೆಳಗಿಳಿಯುವಾಗ ಅಂದಳು: "ನನಗ ಸುಡೂದರ ಅಂಜಿಕಿ ಇಲ್ಲ. ಆ ಸಪ್ಪಳ ಇನ್ನೊಮ್ಮೆ ಕೇಳಾಕ ನನ್ನ ಕಡಿಂದ ಆಗೂದಿಲ್ಲ."

ನಾನು ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಈ ಲೇಸರಿಗೆ ಅಂಥ ಸಪ್ಪಳ ಬರುವುದಿಲ್ಲ, ಇದು ಮೆಲ್ಲಗೆ ಬಿಸಿ ಮಾಡುವುದು, ಅದು ಸಿಡಿಸುವುದು ಎಂದರು. ಓಡಿಬಂದು ಅತ್ತೆಗೆ ಹೇಳಿದೆ. ಆಕೆ ಬೇಳೆ ಆರಿಸುತ್ತಿದ್ದವಳು ತಲೆಯೆತ್ತದೆ, "ಗೊತ್ತೈತಿ" ಅಂದಳು. ಗೊತ್ತಿದ್ದವರಿಗೆ ಏನು ಹೇಳುವುದು? ತಿಳಿಯದವರಿಗೆ ತಿಳಿಸುವುದು ನನ್ನ ಕಸುಬು.

ಹೀಗೆ ದಿನಗಳು ಹೋದವು. ಒಂದು ದಿನ ನಮ್ಮ ಪತ್ರಿಕೆಯಲ್ಲಿ ಕನಮಡಿಯ ಸೌರ ಬೀದಿದೀಪಗಳ ಸುದ್ದಿ ಬಂತು. ನಾನು ವ್ಯಾಟ್ ಎಂದು ಬರೆದದ್ದನ್ನು ಯಾರೋ ಕಿಲೋವ್ಯಾಟ್ ಮಾಡಿದ್ದರು. ಒಂದೊಂದು ಕಂಬಕ್ಕೆ ತೊಂಬತ್ತು ಕಿಲೋವ್ಯಾಟ್. ಅಷ್ಟು ದೀಪ ಹಚ್ಚಿದರೆ ಕನಮಡಿಯ ಕೋಳಿಗಳು ಗೂಡಿನಲ್ಲೇ ಬೆಂದುಹೋದಾವು. ಅತ್ತೆಯ ಫೋನು ಬರುತ್ತದೆಂದು ಬೈಗುಳಕ್ಕೆ ಸಿದ್ಧನಾಗಿ ಕೂತೆ. ಫೋನು ಬರಲಿಲ್ಲ. ಹೊತ್ತೇರುತ್ತ ಹೋಯಿತು. ನಾನೇ ಜಲನಗರಕ್ಕೆ ಹೋದೆ.

ಅತ್ತೆ ಕುರ್ಚಿಯಲ್ಲಿ ಕೂತು ಪತ್ರಿಕೆಯನ್ನು ಮುಂದೆ ಹಿಡಿದಿದ್ದಳು. ಭೂತಗನ್ನಡಿಯೂ ಕೈಯಲ್ಲಿತ್ತು.

"ಕನಮಡಿ ಸುದ್ದಿ ಓದಿದಿ?"

"ಓದೀನಿ. ಛಲೋ ಬರದಿ. ಒಂದೂ ತಪ್ಪಿಲ್ಲ."

ಇಷ್ಟು ವರ್ಷಗಳಲ್ಲಿ ಆಕೆಯ ಬಾಯಿಂದ ನನಗೆ ಸಿಕ್ಕ ಒಂದೇ ಹೊಗಳಿಕೆ ಅದು.

"ಯಾವಾಗಿಂದ ಕಾಣಸೂದಿಲ್ಲ?"

ಆಕೆ ಪತ್ರಿಕೆ ಮಡಚಿದಳು. ಅಂಚಿಗೆ ಅಂಚು ಕೂಡಿಸಿ ನೀಟಾಗಿ ಮಡಚಿದಳು. "ನಿನ್ನೆ ಸಂಜಿಗೆ ಹೊಗಿ ಅಡರಿದಂಗಾತು. ಒಲಿ ಹೊಗಿ ಅಂದ್ಕೊಂಡೆ. ಗ್ಯಾಸ್ ಒಲಿ ಐತಲ್ಲ, ಹೊಗಿ ಎಲ್ಲಿಂದ ಬರಬೇಕು. ನಡಿ, ಹೋಗೂಣು."

ಆಸ್ಪತ್ರೆಯಲ್ಲಿ ಡಾಕ್ಟರು ಎಡಗಣ್ಣು ನೋಡಿದರು, ಬಹಳ ಹೊತ್ತು ನೋಡಿದರು. ರಕ್ತ ಹರಡಿದೆ, ತಿಳಿಯಾಗಿರುವ ಕಡೆಯಲ್ಲಿ ಆದಷ್ಟು ಮಾಡಿ ನೋಡುತ್ತೇನೆ ಎಂದರು. ಶುರುಮಾಡುವ ಮೊದಲು ಬಲಗಣ್ಣಿನ ಹಳೆಯ ಗಾಯದ ಬಗ್ಗೆ ಕೇಳಿದರು. ಅತ್ತೆ ವರದಿ ಒಪ್ಪಿಸುವ ದನಿಯಲ್ಲಿ ಹೇಳಿದಳು. ಕಾಣದ ಕಿರಣ. ಕನ್ನಡಕ ತೆಗೆದದ್ದು. ಕೈಯಲ್ಲಿ ಹೊಳೆಯುವ ವಸ್ತು.

"ಏನಿತ್ರಿ ಕೈಯಾಗ? ಗಡಿಯಾರ?"

"ಬಳಿ. ಹಸಿರು ಬಳಿ, ಬಂಗಾರದ ಗೆರಿ ಇದ್ದದ್ದು."

"ಲ್ಯಾಬಿನಾಗ ಬಳಿ ಹಾಕ್ಕೊಂಡು ಹೋಗಿದ್ರೇನ್ರಿ?"

"ಊರಿಗೆ ಬಂದಾಗ ಮನ್ಯಾಗ ಬಸುರಿ ಹೆಣಮಗಳ ಕುಬಸ ಇತ್ತು. ಬಂದ ಹೆಣಮಕ್ಕಳಿಗೆಲ್ಲಾ ಬಳಿ ಇಡಸತಾರಲ್ಲ, ನನಗೂ ಇಡಿಸಿದ್ರು. ಸಣ್ಣ ಅಳತಿ. ವಾಪಸ್ ಹೋದ ಮ್ಯಾಲ ಸಾಬೂನು ಹಚ್ಚಿ ನೋಡಿದೆ, ಬರಲಿಲ್ಲ. ಕರಿ ಟೇಪ್ ಸುತ್ತಿ ಹೋಗಿದ್ದೆ. ಟೇಪ್ ಬಿಚ್ಚಿತ್ತು."

"ಒಡದ ಬಿಡಬೇಕಿತ್ತಲ್ರಿ."

"ಒಡೀಬಾರದು. ಕೂಸು ಹುಟ್ಟೂ ತನಕ ಕುಬಸದ ಬಳಿ ಒಡೀಬಾರದು ಅಂತಾರ." ಅತ್ತೆ ಸ್ವಲ್ಪ ತಡೆದಳು. "ಖರೆ ಅಂತ ನಾ ನಂಬಿದ್ದಿಲ್ಲ. ಆದ್ರ ಒಡಿಯಾಕ ಕೈ ಬರಲಿಲ್ಲ. ಇವರವ್ವಗ ಇಂವಾ ಹೊಟ್ಟ್ಯಾಗಿದ್ದ."

ನನ್ನತ್ತ ಕೈ ತೋರಿಸಿದ್ದಳು. ಡಾಕ್ಟರು ನನ್ನನ್ನು ನೋಡಲಿಲ್ಲ. ಅದಕ್ಕೆ ನಾನು ಅವರಿಗೆ ಈಗಲೂ ಕೃತಜ್ಞ.

ಗದ್ದವನ್ನು ಆಸರೆಯ ಮೇಲಿಡಿಸಿ, ಹಣೆ ಒತ್ತಿಸಿ, ದೀಪ ಆರಿಸಿದರು. ಅತ್ತೆ ಒಂದೇ ಕೇಳಿದಳು, "ಬಿಡೂಕಿಂತ ಮೊದಲ ಹೇಳ್ರಿ." ಡಾಕ್ಟರು ಒಪ್ಪಿದರು. ಪ್ರತಿ ಚುಕ್ಕೆಗೂ "ಬೆಳಕು" ಅಂದರು. ಅತ್ತೆ ಪ್ರತಿ ಸಲ "ಹ್ಞೂಂ" ಅಂದಳು. ಹೊರಗೆ ಸರದಿಯಲ್ಲಿದ್ದವರು ಗೊಣಗುತ್ತಿದ್ದರು. ಒಳಗೆ ಕತ್ತಲಲ್ಲಿ ಆ ಎರಡು ಮಾತು ಬಿಟ್ಟು ಬೇರೆ ಸಪ್ಪಳವಿರಲಿಲ್ಲ. ಒಂದು ಹಂತದಲ್ಲಿ "ಬೆಳಕು" ಬರಲಿಲ್ಲ.

"ಇಲ್ಲಿಂದ ಮುಂದ ಕಾಣವಲ್ದ್ರಿ ಅಮ್ಮಾರ. ರಕ್ತ ಅಡ್ಡ ಐತಿ. ಇನ್ನ ಮಿರಜಕ್ಕ ಹೋಗ್ರಿ, ಶಸ್ತ್ರಚಿಕಿತ್ಸೆ ಮಾಡತಾರ."

"ಸಪ್ಪಳ ಬರಲಿಲ್ಲ" ಅಂದಳು ಅತ್ತೆ. ಡಾಕ್ಟರಿಗಲ್ಲ, ನನಗೂ ಅಲ್ಲ.

ಮಿರಜದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಹಿಂದಿನ ಪರದೆ ಕಳಚಿಕೊಂಡುಬಿಟ್ಟಿತ್ತು. ಎಡಗಣ್ಣಿಗೆ ಈಗ ಹಗಲೋ ರಾತ್ರಿಯೋ ಎಂಬುದಷ್ಟೇ ತಿಳಿಯುತ್ತದೆ. ಇದು ಸುದ್ದಿಯಾಗಿದ್ದರೆ ನಾನು ಇಲ್ಲಿಗೆ ಮುಗಿಸುತ್ತಿದ್ದೆ.

ಅತ್ತೆ ಜಲನಗರಕ್ಕೆ ಮರಳಿದಳು. ನಮ್ಮ ಮನೆಗೆ ಬಾ ಎಂದು ಹೆಂಡತಿ ಕರೆದಳು, ಬರಲಿಲ್ಲ. ಅಡುಗೆಗೆ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಮೂಗುತಿ, ಕಾಲುಂಗುರ ಕಪ್ಪು ಪೆಟ್ಟಿಗೆಗೆ ಹಾಕಿ ಒಳಗೆ ಹೋಗುತ್ತಾಳೆ. ಕೆಲವು ವಾರ ಅತ್ತೆ ಕಿಟಕಿಯ ಹತ್ತಿರ ಸುಮ್ಮನೆ ಕೂತಿದ್ದಳು. ಆಮೇಲೆ ಆಕೆಯ ವರ್ತನೆ ಮತ್ತೂ ಕೆಟ್ಟಿತು ಎಂಬ ದೂರು ತಿಕೋಟಾದಿಂದಲೇ ಬಂತು. ದೊಡ್ಡಪ್ಪ ನೋಡಲು ಹೋಗಿದ್ದನಂತೆ.

"ನಾ ಇಲ್ಲಿ ಕುಂತೀನಿ. ಅಕಿ ಕ್ಯಾಲೆಂಡರ್ ನೋಡಕೋತ ಮಾತಾಡತಾಳ. ನನ್ನ ಕಡೆ ನೋಡಬೇ ಅಂದೆ. ನೋಡಿದಳು. ಆವಾಗ, ಅಣ್ಣಾ ಎಲ್ಲಿ ಹ್ವಾದಿ, ಅಂತಾಳ. ತಲಿ ನೆಟ್ಟಗ ಐತೇನು ಅಕಿದು?"

ಆಕೆ ಯಾಕೆ ಹಾಗೆ ಮಾಡುತ್ತಾಳೆಂದು ನನಗೂ ಗೊತ್ತಿರಲಿಲ್ಲ. ಮೊನ್ನೆ ಕಚೇರಿಗೆ ಹೋಗುವ ಮುಂಚೆ ಅತ್ತೆಯ ಮನೆಗೆ ಹೋದೆ. ಔಷಧಿ ಕೊಟ್ಟೆ. ಅದೂ ಇದೂ ಮಾತಾಡಿದೆವು. ಆಕೆ ನನ್ನ ಮುಖಕ್ಕೆ ಮುಖ ಕೊಟ್ಟು ನೇರ ನೋಡುತ್ತ ಮಾತಾಡಿದಳು. ಹೊರಡುತ್ತೇನೆ ಎಂದು ಎದ್ದೆ. ಬಾಗಿಲಲ್ಲಿ ಬೆಳಗಿನ ಬಿಸಿಲು ಬಿದ್ದಿತ್ತು.

"ಅಲ್ಲೇ ನಿಂದ್ರು" ಅಂದಳು.

ನಿಂತೆ. ಆಕೆ ನನ್ನಿಂದ ಮುಖ ತಿರುಗಿಸಿದಳು. ಮೆಲ್ಲಗೆ, ಒಂದು ಕನ್ನಡಿಯನ್ನು ಅದರ ಜಾಗಕ್ಕೆ ಕೂಡಿಸುವ ಹಾಗೆ, ಸ್ವಲ್ಪ ಸ್ವಲ್ಪವೇ ಗೋಡೆಯ ಕಡೆಗೆ ತಿರುಗಿಸುತ್ತ ಹೋದಳು. ಸ್ವಲ್ಪ ಹೆಚ್ಚಾಯಿತೆಂದು ಕಾಣುತ್ತದೆ, ಒಂದಿಷ್ಟು ಹಿಂದಕ್ಕೆ ತಂದಳು. ಅಲ್ಲಿ ನಿಲ್ಲಿಸಿದಳು. ಸುಟ್ಟುಹೋದ ನಡುವನ್ನು ಬದಿಗೆ ಸರಿಸಿ, ಬಲಗಣ್ಣಿನಲ್ಲಿ ಉಳಿದಿದ್ದ ಅಂಚಿನಲ್ಲಿ ನನ್ನನ್ನು ಇಟ್ಟುಕೊಂಡಿದ್ದಾಳೆ ಎಂದು ನನಗೆ ತಿಳಿಯಲು ತುಸು ಹೊತ್ತು ಬೇಕಾಯಿತು.

"ಗಡ್ಡ ಬೆಳ್ಳಗಾಗೇತಲ್ಲೋ ನಿಂದು," ಅಂದಳು. "ಯಾವಾಗಾತು?"